ಈ ಟಿಕ್ ಹಾಕಿದ್ದು ಯಾರು?

2024ರ ಆಟಿ ತಿಂಗಳು. ಕಾಸರಗೋಡಿನ ಅಡೂರಿನಲ್ಲಿ ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಪಯಸ್ವಿನಿ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಡಕೆಗೆ ಮದ್ದು ಬಿಡಲು ಬಂದವ ಮರ ಹತ್ತಲಾಗದೆ ಜಗಲಿಯಲ್ಲೇ ಕೂತಿದ್ದ. ಮಾವ ಲ್ಯಾಪ್‌ಟಾಪ್ ತೆರೆದು ಧಾರಣೆ ನೋಡುತ್ತಿದ್ದರು. ಅಕ್ಷರ ಸಣ್ಣದಾಯಿತೆಂದು ಫೈರ್‌ಫಾಕ್ಸ್ ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋದವರು, ದಾರಿ ತಪ್ಪಿ ಖಾಸಗಿತನದ ಪುಟದಲ್ಲಿ ಬಂದು ನಿಂತಿದ್ದರು.

"ಇಲ್ಲಿ ಬಾ ಮಾರಾಯ, ಇದೆಂತದ್ದು?"

ಇಂಗ್ಲಿಷಿನ ಒಂದು ಸಾಲು. ಖಾಸಗಿತನ ಕಾಪಾಡಿಕೊಂಡು ಜಾಹೀರಾತಿನ ಅಳತೆ ಮಾಡಲು ಜಾಲತಾಣಗಳಿಗೆ ಅನುಮತಿ ಎಂದು ಅದರ ಅರ್ಥ. ಅದರ ಪಕ್ಕದ ಸಣ್ಣ ಚೌಕದಲ್ಲಿ ಟಿಕ್ ಬಿದ್ದಿತ್ತು.

"ಈ ಟಿಕ್ ಹಾಕಿದ್ದು ಯಾರು? ನೀನಾ?"

"ನಾನಲ್ಲ ಮಾವ."

"ನಾನೂ ಅಲ್ಲ. ಮತ್ತೆ ಯಾರು?"

ನನ್ನ ಕಸುಬು ಹಳೆಯ ಕಾಗದ ಓದುವುದು. ದಕ್ಷಿಣ ಕನ್ನಡ ಜಿಲ್ಲೆಯ ಭೂದಾಖಲೆ, ಗಣತಿ ವರದಿ, ಗಡಿಯ ಕಡತ ಇವೇ ನನ್ನ ದಿನದ ಕೆಲಸ. ಕಡತ ಓದುವವರು ವಿಷಯಕ್ಕಿಂತ ಮೊದಲು ಸಹಿ ನೋಡುತ್ತಾರೆ. ಬರೆದವರು ಯಾರು, ಯಾವಾಗ ಬರೆದರು, ಯಾರ ಮಾತಿನ ಮೇಲೆ ಬರೆದರು? ಮಾವ ಕೇಳಿದ್ದೂ ಅದನ್ನೇ. ಉತ್ತರ ಹುಡುಕಿಕೊಡುತ್ತೇನೆ ಎಂದು ಒಪ್ಪಿಕೊಂಡೆ. ಒಂದು ಸಂಜೆಯ ಕೆಲಸ ಅಂದುಕೊಂಡದ್ದು ವರ್ಷ ದಾಟಿತು.

ತಾರೀಕು ಬೇಗ ಸಿಕ್ಕಿತು. ಫೈರ್‌ಫಾಕ್ಸ್‌ನ 128ನೆಯ ಆವೃತ್ತಿ 2024ರ ಜುಲೈ 9ರಂದು ಬಿಡುಗಡೆಯಾಗಿತ್ತು. ಆ ಸಾಲು ಬಂದದ್ದು ಅದರ ಜೊತೆಗೆ, ಬರುವಾಗಲೇ ಟಿಕ್ ಹಾಕಿಸಿಕೊಂಡು ಬಂದಿತ್ತು. ಬ್ರೌಸರಿನ ಒಳಗಿನ ಆಯ್ಕೆಗಳ ಪಟ್ಟಿ ತೆರೆದು ಹುಡುಕಿದರೆ 'ಡಾಮ್ ಪ್ರೈವೇಟ್ ಆಟ್ರಿಬ್ಯೂಷನ್ ಸಬ್‌ಮಿಷನ್ ಎನೇಬಲ್ಡ್' ಎಂಬ ಉದ್ದದ ಹೆಸರು ಸಿಗುತ್ತಿತ್ತು. ಅದರ ಎದುರು 'ಟ್ರೂ' ಎಂದಿತ್ತು. ಮಾವನ ಪರವಾಗಿ ಯಾರೋ 'ಹೌದು' ಎಂದು ಹೇಳಿ ಮುಗಿಸಿದ್ದರು.

ಈ ಏರ್ಪಾಡು ಏನು ಮಾಡುತ್ತದೆಂದು ತಿಳಿಯಲು ಅದರ ತಾಂತ್ರಿಕ ಬರಹಗಳನ್ನು ಓದಿದೆ. ಓದಿ ಗೌರವ ಮೂಡಿತು, ಅದನ್ನು ಮುಚ್ಚಿಡುವುದಿಲ್ಲ. ಜಾಹೀರಾತು ನೋಡಿದವರಲ್ಲಿ ಎಷ್ಟು ಜನ ಆಮೇಲೆ ವಸ್ತು ಕೊಂಡರು ಎಂಬುದು ವ್ಯಾಪಾರಿಗೆ ಬೇಕು. ಅದಕ್ಕಾಗಿ ಇಷ್ಟು ವರ್ಷ ಕುಕಿಗಳ ಮೂಲಕ ಒಬ್ಬೊಬ್ಬರ ಬೆನ್ನು ಹತ್ತಿ ಹೋಗುತ್ತಿದ್ದರು. ಹೊಸ ವಿಧಾನದಲ್ಲಿ ಯಾರ ಹಿಂದೆಯೂ ಹೋಗಬೇಕಾಗಿಲ್ಲ, ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ಹೇಗೆ ಎಂದು ಮಾವನಿಗೆ ಬಾಯಿಯಲ್ಲಿ ಹೇಳಿ ಸೋತೆ. ಕೊನೆಗೆ ಎರಡು ಗೆರಟೆ ತಂದು ಜಗಲಿಯಲ್ಲಿಟ್ಟೆ.

ಮಾವ, ಅತ್ತೆ, ಮದ್ದು ಬಿಡುವವ, ಹೀಗೆ ಮೂವರು. ಪ್ರಶ್ನೆ ಒಂದೇ: ಈ ವಾರ ಸಕ್ಕರೆ ಹಾಕಿದ ಚಹಾ ಕುಡಿದದ್ದು ಉಂಟಾ? ಮಾವನಿಗೆ ಸಕ್ಕರೆ ಕಾಯಿಲೆ, ಆದ್ದರಿಂದ ಉತ್ತರ ಗುಟ್ಟಾಗಿಯೇ ಇರಬೇಕು. ಕುಡಿದಿದ್ದರೆ 1, ಇಲ್ಲದಿದ್ದರೆ 0. ಆದರೆ ಉತ್ತರವನ್ನು ಹಾಗೇ ಬರೆಯುವಂತಿಲ್ಲ. ಮನಸ್ಸಿಗೆ ತೋಚಿದ, ನೂರರೊಳಗಿನ ಒಂದು ಸಂಖ್ಯೆಯನ್ನು ಮೊದಲನೆಯ ಚೀಟಿಯಲ್ಲಿ ಬರೆಯಬೇಕು. ಎರಡು ಚೀಟಿ ಕೂಡಿಸಿ ನೂರನ್ನು ಕಳೆದರೆ ಉತ್ತರ ಉಳಿಯುವ ಹಾಗೆ ಎರಡನೆಯದನ್ನು ಬರೆಯಬೇಕು. ಒಬ್ಬರು 37 ಮತ್ತು 64 ಬರೆದರು. ಇನ್ನೊಬ್ಬರು 82 ಮತ್ತು 18. ಮೂರನೆಯವರು 55 ಮತ್ತು 46. ಮೊದಲ ಚೀಟಿಗಳೆಲ್ಲ ಒಂದು ಗೆರಟೆಗೆ, ಎರಡನೆಯವು ಇನ್ನೊಂದಕ್ಕೆ ಬಿದ್ದವು. ಮೊದಲ ಗೆರಟೆ ಎಣಿಸಿದವರಿಗೆ 174 ಸಿಕ್ಕಿತು, ನೂರು ಕಳೆದು 74. ಎರಡನೆಯದರಲ್ಲಿ 128, ನೂರು ಕಳೆದು 28. ಎರಡನ್ನೂ ಕೂಡಿಸಿದರೆ 102, ನೂರು ಕಳೆದು 2. ಮೂವರಲ್ಲಿ ಇಬ್ಬರು ಸಕ್ಕರೆಯ ಚಹಾ ಕುಡಿದಿದ್ದಾರೆ. ಯಾವ ಇಬ್ಬರು ಎಂದು ಬರೀ 37 ನೋಡಿದವನಿಗೂ ಬರೀ 64 ನೋಡಿದವನಿಗೂ ಗೊತ್ತಾಗುವುದಿಲ್ಲ.

ಹೆನ್ರಿ ಕಾರಿಗನ್‌ಗಿಬ್ಸ್ ಮತ್ತು ಡ್ಯಾನ್ ಬೋನೆ ಎಂಬ ಇಬ್ಬರು 2017ರಲ್ಲಿ ಪ್ರಕಟಿಸಿದ 'ಪ್ರಿಯೋ' ಎಂಬ ವಿಧಾನದ ಜೀವಾಳ ಇದು. ಫೈರ್‌ಫಾಕ್ಸಿನ ಲೆಕ್ಕದಲ್ಲಿ ಒಂದು ಗೆರಟೆ ಆ ಬ್ರೌಸರನ್ನು ತಯಾರಿಸುವ ಮೊಜಿಲ್ಲಾದ್ದು, ಇನ್ನೊಂದು 'ಲೆಟ್ಸ್ ಎನ್‌ಕ್ರಿಪ್ಟ್' ನಡೆಸುವ ಐಎಸ್‌ಆರ್‌ಜಿ ಎಂಬ ಲಾಭರಹಿತ ಸಂಸ್ಥೆಯದ್ದು. ಸಾಲದ್ದಕ್ಕೆ, ಬಂದ ಮೊತ್ತಕ್ಕೆ ಬೇಕೆಂದೇ ಒಂದಿಷ್ಟು ಅಡ್ಡಾದಿಡ್ಡಿ ಸಂಖ್ಯೆಯನ್ನೂ ಬೆರೆಸುತ್ತಿದ್ದರು.

ಮಾವ ಎರಡೂ ಗೆರಟೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದರಿಂದ 37ರ ಚೀಟಿ, ಇನ್ನೊಂದರಿಂದ 64ರ ಚೀಟಿ ಹೆಕ್ಕಿ ಜೋಡಿಸಿ ಹಿಡಿದರು.

"ಎರಡೂ ಒಬ್ಬನ ಕೈಗೆ ಸಿಕ್ಕಿದರೆ?"

ಗೊತ್ತಾಗುತ್ತದೆ ಎಂದೆ. ಅತ್ತೆ ಮಾವನ ಮುಖ ನೋಡಿದರು. ಗಣಿತದ ಪ್ರಬಂಧಗಳೂ ಇದನ್ನು ಮರೆಮಾಚುವುದಿಲ್ಲ. ಎರಡರಲ್ಲಿ ಒಂದು ಗೆರಟೆಯಾದರೂ ಪ್ರಾಮಾಣಿಕರ ಕೈಯಲ್ಲಿರಬೇಕು ಎಂಬ ಷರತ್ತಿನ ಮೇಲೆಯೇ ಇಡೀ ಲೆಕ್ಕ ನಿಂತಿದೆ. ಆ ಷರತ್ತನ್ನು ಗಣಿತ ಕಾಯಲಾರದು. ಸಂಸ್ಥೆಗಳ ಮೇಲೆ ನಾವಿಡುವ ನಂಬಿಕೆ ಕಾಯಬೇಕು.

ಆ ನಂಬಿಕೆ ಕದಡಿದ್ದು ಎಲ್ಲಿ ಎಂದು ಹಿಂದಕ್ಕೆ ಹೋದೆ. ಆ ಆವೃತ್ತಿ ಬರುವ ಹಿಂದಿನ ತಿಂಗಳಷ್ಟೇ ಮೊಜಿಲ್ಲಾ 'ಅನಾನಿಮ್' ಎಂಬ ಜಾಹೀರಾತು ಅಳತೆಯ ಕಂಪನಿಯನ್ನು ಕೊಂಡಿತ್ತು. ಅದನ್ನು ಕಟ್ಟಿದವರು ಮೆಟಾದಲ್ಲಿ ದುಡಿದು ಬಂದವರು. 2022ರಲ್ಲಿ ಇದೇ ಜಾತಿಯ ಅಳತೆಯ ವಿಧಾನವೊಂದನ್ನು ಮೊಜಿಲ್ಲಾ ಮತ್ತು ಮೆಟಾ ಕೂಡಿ ಮುಂದಿಟ್ಟಿದ್ದವು. ಜಾಹೀರಾತಿನವರಿಂದ ನಮ್ಮನ್ನು ಕಾಯುತ್ತದೆ ಎಂದು ಜನ ಆಯ್ದುಕೊಂಡ ಬ್ರೌಸರು ಅದು. ಹೇಳದೆ ಕೇಳದೆ ಜಾಹೀರಾತಿನ ಸಾಲೊಂದಕ್ಕೆ ಟಿಕ್ ಹಾಕಿತೆಂದಾಗ ಜನ ಗಣಿತ ಓದಲು ಕೂರಲಿಲ್ಲ, ಸಿಟ್ಟಾದರು. ಫೈರ್‌ಫಾಕ್ಸಿನ ತಾಂತ್ರಿಕ ಮುಖ್ಯಸ್ಥರು ಒಂದೇ ವಾರದಲ್ಲಿ ವಿವರಣೆ ಬರೆಯಬೇಕಾಯಿತು. ಪ್ರತಿಯೊಂದಕ್ಕೂ ಒಪ್ಪಿಗೆ ಕೇಳುವ ಚೌಕ ಎಬ್ಬಿಸಿದರೆ ಬಳಸುವವರಿಗೇ ಕಿರಿಕಿರಿ, ಮೊದಲೇ ಒಳ್ಳೆಯ ಏರ್ಪಾಡು ಮಾಡಿಡುವುದು ಮೇಲು ಎಂಬುದು ಅವರ ವಾದ. ಸೆಪ್ಟೆಂಬರ್ 25ರಂದು ವಿಯೆನ್ನಾದ 'ನೊಯ್ಬ್' ಎಂಬ ಸಂಸ್ಥೆ ಆಸ್ಟ್ರಿಯಾದ ದತ್ತಾಂಶ ರಕ್ಷಣಾ ಪ್ರಾಧಿಕಾರಕ್ಕೆ ದೂರು ಕೊಟ್ಟಿತು. ಮ್ಯಾಕ್ಸ್ ಶ್ರೆಮ್ಸ್ ಕಟ್ಟಿದ ಸಂಸ್ಥೆ ಅದು. ಹೌದು ಅಥವಾ ಅಲ್ಲ ಎನ್ನುವಷ್ಟು ಬುದ್ಧಿ ಜನರಿಗಿದೆ ಎಂಬುದು ಅವರ ತಕರಾರಿನ ತಿರುಳು. ಹೊರಗಿನವರೊಡನೆ ಇನ್ನಷ್ಟು ಮಾತನಾಡಬೇಕಿತ್ತು ಎಂದು ಮೊಜಿಲ್ಲಾ ಆಮೇಲೆ ಒಪ್ಪಿಕೊಂಡಿತು. ಇದು ಸೀಮಿತ ಪ್ರಯೋಗ, ತಮ್ಮದೇ ತಾಣದಲ್ಲಿ ಮಾಡಿದ್ದು ಎಂದೂ ಹೇಳಿತು.

ಇನ್ನೂ ಹಿಂದಕ್ಕೆ ಹೋದಾಗ ನನಗೆ ನಿಜವಾಗಿ ನೋವು ಕೊಟ್ಟ ಕಾಗದವೊಂದು ಸಿಕ್ಕಿತು. 2021ರ ಮಾರ್ಚ್ ತಿಂಗಳು. ಗೂಗಲ್ ತನ್ನ ಕ್ರೋಮ್ ಬ್ರೌಸರಿನಲ್ಲಿ 'ಫ್ಲಾಕ್' ಎಂಬ ಪ್ರಯೋಗ ಶುರುಮಾಡಿತ್ತು. ನೀವು ನೋಡಿದ ಪುಟಗಳ ಮೇಲಿಂದ ಬ್ರೌಸರು ನಿಮ್ಮನ್ನು ಸಾವಿರಾರು ಜನರ ಒಂದು ಗುಂಪಿಗೆ ಸೇರಿಸುತ್ತದೆ, ಜಾಲತಾಣಗಳಿಗೆ ಗುಂಪಿನ ಸಂಖ್ಯೆ ಮಾತ್ರ ಕಾಣುತ್ತದೆ, ಗುಂಪಿನೊಳಗೆ ನೀವು ಅಡಗಿರುತ್ತೀರಿ. ಇದೂ ಖಾಸಗಿತನದ ಹೆಸರಿನಲ್ಲೇ. ಪ್ರಯೋಗಕ್ಕೆ ಆರಿಸಿದ ದೇಶಗಳ ಪಟ್ಟಿ ಓದಿದೆ: ಆಸ್ಟ್ರೇಲಿಯಾ, ಬ್ರೆಜಿಲ್, ಕೆನಡಾ, ಭಾರತ, ಇಂಡೊನೇಷ್ಯಾ, ಜಪಾನ್, ಮೆಕ್ಸಿಕೊ, ನ್ಯೂಜಿಲೆಂಡ್, ಫಿಲಿಪೀನ್ಸ್, ಅಮೆರಿಕ. ಕ್ರೋಮ್ ಬಳಸುವವರಲ್ಲಿ ಶೇ. 0.5 ಮಂದಿ. ಯುರೋಪಿನ ಒಂದು ದೇಶವೂ ಪಟ್ಟಿಯಲ್ಲಿಲ್ಲ. ಅಲ್ಲಿ ಕೇಳದೆ ಮಾಡಿದರೆ ಪ್ರಶ್ನಿಸುವ ಕಾನೂನು ಇತ್ತು, ನಮ್ಮಲ್ಲಿ ಆಗ ಇರಲಿಲ್ಲ. ಆ ಶೇ. 0.5ರಲ್ಲಿ ಅಡೂರಿನ ಫೋನ್ ಒಂದಾದರೂ ಇತ್ತೇ ಎಂದು ತಿಳಿಯುವ ದಾರಿ ಇಲ್ಲ. ಪ್ರತಿರೋಧ ಜೋರಾಗಿ 2022ರ ಜನವರಿಯಲ್ಲಿ ಫ್ಲಾಕ್ ಬಿದ್ದುಹೋಯಿತು. ಅದರ ಜಾಗಕ್ಕೆ 'ಟಾಪಿಕ್ಸ್' ಬಂತು. 2025ರ ಅಕ್ಟೋಬರಿನಲ್ಲಿ ಅದನ್ನೂ ಅದರ ಜೊತೆಗಿನ ಹಲವು ಏರ್ಪಾಡುಗಳನ್ನೂ ಗೂಗಲ್ ಕೈಬಿಟ್ಟಿತು.

ಲೆಕ್ಕಕ್ಕೆ ಅಡ್ಡಾದಿಡ್ಡಿ ಬೆರೆಸುವ ಉಪಾಯದ ಬೇರು ಇರುವುದು 1965ರಲ್ಲಿ, ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಒಂದು ಲೇಖನದಲ್ಲಿ. ಮುಜುಗರದ ಪ್ರಶ್ನೆ ಕೇಳಿದರೆ ಜನ ಸುಳ್ಳು ಹೇಳುತ್ತಾರಲ್ಲ, ಅದಕ್ಕೇನು ಉಪಾಯ ಎಂದು ಸ್ಟ್ಯಾನ್ಲಿ ವಾರ್ನರ್ ಎಂಬ ಅಮೆರಿಕದ ಸಂಶೋಧಕ ಯೋಚಿಸಿದ್ದ. ಉತ್ತರದೊಳಗೆ ಅದೃಷ್ಟದಾಟವೊಂದನ್ನು ಬೆರೆಸುವುದೇ ಅವನ ಉಪಾಯ. ಈಗ ಎಲ್ಲರೂ ಕೊಡುವ ಉದಾಹರಣೆ ನಾಣ್ಯದ್ದು. ತಲೆ ಬಿದ್ದರೆ ನಿಜ ಹೇಳಿ. ಬಾಲ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ತಲೆಯಾದರೆ 'ಹೌದು', ಬಾಲವಾದರೆ 'ಇಲ್ಲ'. ಸಾವಿರ ಮನೆಗಳಲ್ಲಿ 400 'ಹೌದು' ಬಂದರೆ ಅದರಲ್ಲಿ 250 ನಾಣ್ಯದ್ದು. ಉಳಿದ 150 ಅರ್ಧದಷ್ಟು ಮನೆಗಳ ನಿಜ. ಆದ್ದರಿಂದ ಸಾವಿರದಲ್ಲಿ ಸುಮಾರು 300 ಮನೆ. ಆದರೆ ಇಂಥ ಮನೆಯವರೇ ಎಂದು ಯಾರೂ ಬೆರಳು ತೋರಿಸುವಂತಿಲ್ಲ. 2014ರಲ್ಲಿ ಗೂಗಲಿನವರು 'ರಾಪರ್' ಎಂಬ ಹೆಸರಿನಲ್ಲಿ ಕ್ರೋಮ್‌ಗೆ ತಂದದ್ದು ಇದನ್ನೇ.

ವಾರ್ನರನ ವಿಧಾನದಲ್ಲಿ ನಾಣ್ಯ ಇರುವುದು ಉತ್ತರಿಸುವವನ ಕೈಯಲ್ಲಿ. ಕೇಳುವವ ಎದುರಿಗೆ ಕೂತಿದ್ದಾನೆ, ಎದ್ದು ಹೋಗುವ ಸ್ವಾತಂತ್ರ್ಯ ಇದೆ. ಬ್ರೌಸರಿಗೆ ಬರುವಾಗ ನಾಣ್ಯ ಯಂತ್ರದೊಳಗೆ ಹೋಯಿತು, ಎದುರು ಕೂತವ ಕಾಣೆಯಾದ. ಉತ್ತರಕ್ಕೆ ಎಷ್ಟು ಸುಳ್ಳು ಬೆರೆಸಬೇಕು ಎಂಬ ಅಳತೆಯೂ ಜನರ ಕೈಯಲ್ಲಿ ಉಳಿಯಲಿಲ್ಲ. ಅದಕ್ಕೆ ಎಪ್ಸಿಲಾನ್ ಎಂದು ಹೆಸರು. ಅಂಕೆ ಚಿಕ್ಕದಾದಷ್ಟೂ ರಕ್ಷಣೆ ಹೆಚ್ಚು. ಆಪಲ್ 2016ರಲ್ಲಿ ಈ ವಿಧಾನ ತರುತ್ತೇವೆಂದು ದೊಡ್ಡದಾಗಿ ಸಾರಿತು, ಆದರೆ ಅಳತೆ ಎಷ್ಟೆಂದು ಹೇಳಲಿಲ್ಲ. ಮರುವರ್ಷ ಕೆಲವು ಸಂಶೋಧಕರು ತಂತ್ರಾಂಶವನ್ನೇ ಬಿಚ್ಚಿ ನೋಡಿ, ದಿನವೊಂದಕ್ಕೆ 16ರ ತನಕ ಹೋಗುತ್ತದೆ ಎಂದು ತೋರಿಸಿದರು. ಪ್ರಬಂಧಗಳಲ್ಲಿ ಒಂದರ ಆಸುಪಾಸಿನ ಅಂಕೆಗಳನ್ನೇ ಓದಿಕೊಂಡಿದ್ದವರಿಗೆ ಅದು ತುಂಬ ಸಡಿಲ. ಆ ತಂಡದಲ್ಲಿ ಅಲೆಕ್ಸಾಂಡ್ರಾ ಕೊರೊಲೊವಾ ಇದ್ದರು. ರಾಪರ್ ಪ್ರಬಂಧ ಬರೆದ ಮೂವರಲ್ಲಿ ಅವರೂ ಒಬ್ಬರು. ವಿಧಾನವನ್ನು ಕಟ್ಟಿದವರೇ ಅದರ ಬಳಕೆಯನ್ನು ಪರೀಕ್ಷೆಗೆ ಒಡ್ಡಿದ್ದಾರೆ.

ಇಷ್ಟೆಲ್ಲ ಓದಿ ಊರಿಗೆ ಬಂದು ಹೇಳಿದಾಗ ಮಾವ ಗಣತಿಯ ಮಾತು ತೆಗೆದರು. "ಗಣತಿಗೆ ಮಾಸ್ಟ್ರು ಬಂದಾಗ ಇದೇ ಜಗಲಿಯಲ್ಲಿ ಕೂತುಕೊಳ್ಳುತ್ತಿದ್ದರು. ಮನೆಮಾತು ಯಾವುದು ಎಂದು ಕೇಳುತ್ತಿದ್ದರು. ನಾನು ಹೇಳಿದ್ದನ್ನು ಬರೆಯುವುದು ನನಗೆ ಕಾಣುತ್ತಿತ್ತು. ಬೆಲ್ಲ ನೀರು ಕುಡಿದು ಹೋಗುತ್ತಿದ್ದರು." 1948ರ ಜನಗಣತಿ ಕಾಯ್ದೆಯ 15ನೆಯ ಸೆಕ್ಷನ್ ಪ್ರಕಾರ ಆ ಹಾಳೆಯನ್ನು ಯಾರೂ ತೆಗೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬಳಸುವಂತಿಲ್ಲ. ಹೊರಗೆ ಬರುವುದು ಒಟ್ಟು ಲೆಕ್ಕ ಮಾತ್ರ. ಹೆಸರು ಒಳಗೆ, ಮೊತ್ತ ಹೊರಗೆ. ಬ್ರೌಸರಿನವರು ಇಂದು ಕೊಡುವ ಮಾತೂ ಇದೇ.

ಆದರೆ ಹೆಸರಿಲ್ಲದ ಮೊತ್ತ ಯಾರಿಗೂ ತಾಗುವುದಿಲ್ಲ ಎಂದು ಕಾಸರಗೋಡಿನವರಿಗೆ ಹೇಳಬಾರದು. 1956ರ ನವೆಂಬರ್ 1ರಂದು ಮಾವ ಹತ್ತು ವರ್ಷದ ಹುಡುಗ. ಅಲ್ಲಿಯ ತನಕ ಅಡೂರು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಊರು. ಆ ಬೆಳಿಗ್ಗೆ ಅದು ಕೇರಳದ್ದಾಯಿತು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ತಾಲೂಕಿನ ವಿಚಾರ ತೀರ್ಮಾನಿಸುವಾಗ ಎದುರಿಗಿಟ್ಟುಕೊಂಡದ್ದು ಗಣತಿಯ ಭಾಷಾವಾರು ಶೇಕಡಾ ಲೆಕ್ಕ. ಅದರಲ್ಲಿ ಒಬ್ಬರ ಹೆಸರೂ ಇರಲಿಲ್ಲ, ಯಾರ ಗುಟ್ಟೂ ಬಯಲಾಗಲಿಲ್ಲ. ಆದರೂ ಶಾಲೆಯ ಭಾಷೆ, ಕಚೇರಿಯ ಭಾಷೆ, ಮಕ್ಕಳು ಉದ್ಯೋಗಕ್ಕೆ ಬರೆಯುವ ಪರೀಕ್ಷೆಯ ಭಾಷೆ ಎಲ್ಲವೂ ಬದಲಾದವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಅದು ಕಾಗದದಲ್ಲೇ ಉಳಿಯಿತು. ತುಳುವಿನವರನ್ನು ಯಾರ ಜೊತೆ ಕೂಡಿಸಬೇಕು, ಎರಡು ಮಾತಿನ ಮನೆಯನ್ನು ಯಾವ ಕಲಮಿಗೆ ಹಾಕಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ.

ಈ ಕಡತಗಳ ನಡುವೆಯೇ ವರ್ಷಗಟ್ಟಲೆ ಓಡಾಡಿದವನು ನಾನು. ಬ್ರೌಸರಿನ ತಕರಾರನ್ನು ಬರೀ ಗುಟ್ಟಿನ ತಕರಾರು ಎಂದು ಓದಲು ನನಗಾಗುವುದಿಲ್ಲ. ನನ್ನ ಗುಟ್ಟು ಉಳಿದೀತು. ಆದರೆ ನನ್ನಂಥವರ ಮೊತ್ತ ಯಾರ ಕೈಗೆ ಹೋಯಿತು, ಅದರಿಂದ ನನ್ನ ಊರಿಗೆ ಏನಾಗುತ್ತದೆ? ಇದನ್ನು ಕೇಳುವ ಹಕ್ಕು ಚೀಟಿ ಹಾಕಿದವನಿಗೆ ಇರಬೇಕು.

ಸಣ್ಣವರಿಗೆ ಇನ್ನೊಂದು ತೊಂದರೆ ಇದೆ. ಮೊತ್ತಕ್ಕೆ ಬೆರೆಸುವ ಅಡ್ಡಾದಿಡ್ಡಿ ಸಂಖ್ಯೆ ಕೋಟಿಯ ಗುಂಪಿಗೆ ಧೂಳಿನಷ್ಟೇ. ಇನ್ನೂರು ಜನರ ಗುಂಪನ್ನು ಅದು ಮುಳುಗಿಸಿಬಿಡುತ್ತದೆ. ಅಮೆರಿಕ 2020ರ ಗಣತಿಗೆ ಈ ವಿಧಾನ ಬಳಸಿದಾಗ ಸಣ್ಣ ಊರುಗಳ ಲೆಕ್ಕ ಏರುಪೇರಾಗುತ್ತದೆಂದು ದೊಡ್ಡ ವಾದವಾಯಿತು, ಅಲಬಾಮಾ ರಾಜ್ಯ ಕೋರ್ಟಿಗೂ ಹೋಯಿತು. ನಮ್ಮ ಗಣತಿಯಲ್ಲಿ 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಮಾತುಗಳು 'ಇತರೆ' ಎಂಬ ಒಂದೇ ಚೀಲಕ್ಕೆ ಬೀಳುತ್ತವೆ. ಅಡೂರಿನ ಲೆಕ್ಕ ಹುಡುಕುವಾಗ ನನಗೆ ಇದರ ಅನುಭವ ದಿನಾ ಆಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಇಳಿದ ಕೂಡಲೇ ದೇಲಂಪಾಡಿ ಪಂಚಾಯತಿನ ಅಡೂರು, ಪಕ್ಕದ ಕಾರಡ್ಕದ ಆದೂರು, ಪತ್ತನಂತಿಟ್ಟದ ಅಡೂರು, ದೊರೆ ಕೀರ್ತಿವರ್ಮನ ಶಾಸನವಿರುವ ಹಾವೇರಿ ಜಿಲ್ಲೆಯ ಆಡೂರು ಎಲ್ಲವೂ ಒಂದರ ಮೇಲೊಂದು ಬಿದ್ದುಕೊಳ್ಳುತ್ತವೆ. ಪತ್ತನಂತಿಟ್ಟದ್ದು ಯಾವಾಗಲೂ ಮೇಲೆ, ನಮ್ಮದು ಅಡಿಯಲ್ಲಿ.

ಹೆಸರು ತೆಗೆದರೆ ಸಾಕೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಟ್ಟ ದಾಖಲೆ ನನಗೆ ಸಿಕ್ಕಿದ್ದು ದೂರದ ವಿಯೆನ್ನಾದಲ್ಲಲ್ಲ, ಕೊಚ್ಚಿಯಲ್ಲಿ. 2020ರ ಮಾರ್ಚ್, ಏಪ್ರಿಲ್ ಕಾಸರಗೋಡಿನವರಿಗೆ ಮರೆಯುವಂಥದ್ದಲ್ಲ. ಕೇರಳದಲ್ಲಿ ಕೋವಿಡ್ ಹೆಚ್ಚಿದ್ದ ಜಿಲ್ಲೆ ನಮ್ಮದು. ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿತ್ತು, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತರು. ಆಚೆ ಕರ್ನಾಟಕದಲ್ಲಿ ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನು ಸರಕಾರವೇ ಜಾಲತಾಣದಲ್ಲಿ ಹಾಕಿತು. ಮನೆ ನಂಬರು ಗೊತ್ತಾದ ಮೇಲೆ ಹೆಸರು ಇದ್ದರೆಷ್ಟು, ಬಿಟ್ಟರೆಷ್ಟು! ಈಚೆ ಕೇರಳದಲ್ಲಿ ಜನರ ಆರೋಗ್ಯದ ಮಾಹಿತಿಯನ್ನು ವಿಂಗಡಿಸುವ ಕೆಲಸವನ್ನು 'ಸ್ಪ್ರಿಂಕ್ಲರ್' ಎಂಬ ಅಮೆರಿಕದ ಕಂಪನಿಗೆ ವಹಿಸಿದ್ದರು. ಅದು ಗುಲ್ಲಾಯಿತು. ಏಪ್ರಿಲ್ 24ರಂದು ಕೇರಳ ಹೈಕೋರ್ಟಿನ ನ್ಯಾಯಮೂರ್ತಿಗಳಾದ ದೇವನ್ ರಾಮಚಂದ್ರನ್ ಮತ್ತು ಟಿ. ಆರ್. ರವಿ ಮಧ್ಯಂತರ ಆದೇಶ ಕೊಟ್ಟರು. ಮಾಹಿತಿಯಿಂದ ಗುರುತುಗಳನ್ನು ಅಳಿಸಿಯೇ ಕಂಪನಿಗೆ ಕೊಡಬೇಕು ಎಂಬುದು ಒಂದು ಮಾತು. ಇದು ಮೂರನೆಯವರ ಕೈಗೆ ಹೋಗಬಹುದೆಂದು ಪ್ರತಿಯೊಬ್ಬರಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂಬುದು ಇನ್ನೊಂದು. ಆ ಆದೇಶವನ್ನು ಮೂರು ಸಲ ಓದಿದೆ. ಗುರುತು ಅಳಿಸಿದ ಮೇಲೆ ಒಪ್ಪಿಗೆ ಯಾಕೆ ಎಂದು ನ್ಯಾಯಾಲಯ ಬಿಟ್ಟುಬಿಡಲಿಲ್ಲ. ಎರಡೂ ಬೇಕು ಎಂದಿತು. ಫೈರ್‌ಫಾಕ್ಸಿನ ಪ್ರಸಂಗಕ್ಕೆ ನಾಲ್ಕು ವರ್ಷ ಮೊದಲೇ ಆ ಮಾತು ನಮ್ಮ ರಾಜ್ಯದ ದಾಖಲೆಯಲ್ಲಿತ್ತು.

ಅದಕ್ಕೂ ಹಿಂದೆ ಒಬ್ಬ ಕನ್ನಡಿಗರ ಅರ್ಜಿ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು ಅವರ ಅರ್ಜಿಯಿಂದ. ಆ ತೀರ್ಪಿನ ಬೆನ್ನಿಗೆ 2023ರ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ. ಒಪ್ಪಿಗೆ ಎಂದರೆ ಒಪ್ಪುವವನು ತಾನಾಗಿ ಸ್ಪಷ್ಟವಾಗಿ ಮಾಡುವ ಕ್ರಿಯೆಯಾಗಿರಬೇಕು ಎನ್ನುತ್ತದೆ ಕಾಯ್ದೆ. ಬೇರೆಯವರು ಹಾಕಿಟ್ಟ ಟಿಕ್ಕನ್ನು ಆ ಮಾತಿಗೆ ಹೊಂದಿಸುವುದು ಕಷ್ಟ. ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕೋ ಅದರಲ್ಲಿ ಓದುವ ಅವಕಾಶ ಕೊಡಬೇಕು. ಅಂದರೆ ಅದು ಜಾರಿಗೆ ಬಂದಾಗ ಮಾವ ಕನ್ನಡದಲ್ಲಿ ಕೇಳಬಹುದು. ಮದ್ದು ಬಿಡಲು ಬರುವವನ ಮನೆಮಾತು ತುಳು. 2011ರ ಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮ್ಮದೆಂದು ಬರೆಸಿದ ಆ ಭಾಷೆ ಪರಿಚ್ಛೇದದಲ್ಲಿ ಇಲ್ಲ.

ಆ ಮಳೆಯ ದಿನದ ಕೊನೆಗೆ ಮಾವ ಟಿಕ್ ತೆಗೆದರು. ಚೀಟಿಯ ಆಟ ಅವರಿಗೆ ಹಿಡಿಸಿತ್ತು, ಎರಡನೆಯ ಸಲವೂ ಆಡಿಸಿದ್ದರು. "ಇದು ಒಳ್ಳೆಯ ಲೆಕ್ಕ. ಬಂದು ಕೇಳಿದ್ದರೆ ಇರಲಿ ಎನ್ನುತ್ತಿದ್ದೆ" ಎಂದರು.

ಮುಂದಿನ ಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಈ ಸಲ ಕಾಗದವಿಲ್ಲ, ಮೊಬೈಲ್ ಆ್ಯಪಿನಲ್ಲಿ ಬರೆದುಕೊಳ್ಳುತ್ತಾರೆ, ಬೇಕಾದವರು ತಾವೇ ತುಂಬಬಹುದು ಎಂದು ಪ್ರಕಟಣೆ ಹೇಳುತ್ತದೆ. ಮೊನ್ನೆ ಫೋನಿನಲ್ಲಿ ಮಾವನಿಗೆ ಇದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಮನೆಮಾತಿನ ಜಾಗ ಖಾಲಿ ಇರುತ್ತದಾ, ಇಲ್ಲ ಅಲ್ಲಿಯೂ ಮೊದಲೇ ಟಿಕ್ ಹಾಕಿ ಇಟ್ಟಿರುತ್ತಾರಾ?"

ಬಂದಾಗ ಒಟ್ಟಿಗೆ ಕೂತು ನೋಡುವ ಎಂದೆ.